ಯುಎಸ್‌ಬಿ ಹಾಕಿದರೆ ನೀಲಿ ಪರದೆಯೇ? ಫಾರ್ಮ್ಯಾಟ್‌ಗೆ ಮೊದಲು ಇಷ್ಟು ಮಾಡಿ

1998ರ ಏಪ್ರಿಲ್ 20ರಂದು ಶಿಕಾಗೊದಲ್ಲಿ ಬಿಲ್ ಗೇಟ್ಸ್ ಎದುರಿಗೇ ವಿಂಡೋಸ್ 98ರ ಪ್ರಾತ್ಯಕ್ಷಿಕೆ ನಡೆದಿತ್ತು. ಯುಎಸ್‌ಬಿ ಸ್ಕ್ಯಾನರ್ ಜೋಡಿಸಿದ್ದೇ ತಡ, ತುಂಬಿದ ಸಭೆಗೆ ನೀಲಿ ಪರದೆ, ಅಂದರೆ ವಿಂಡೋಸ್ ದಿಢೀರನೆ ನಿಂತಾಗ ಬರುವ ದೋಷದ ಪರದೆ, ಕಂಡಿತು. ಇಂದಿನ ವಿಂಡೋಸ್‌ನಲ್ಲೂ ಅದು ಬರುವುದುಂಟು, ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಮಾತ್ರ ಅದರ ಬಣ್ಣ ಕಪ್ಪು. ಬ್ರೌಸರ್ ಕೆಟ್ಟರೆ ಬ್ರೌಸರ್ ಮಾತ್ರ ಮುಚ್ಚಿಕೊಳ್ಳುತ್ತದೆ. ಆದರೆ ಯುಎಸ್‌ಬಿ ಡ್ರೈವರ್‌ಗಳು (ಸಾಧನವನ್ನು ನಡೆಸುವ ತಂತ್ರಾಂಶ) ಹೆಚ್ಚಾಗಿ ವಿಂಡೋಸ್‌ನ ಒಡಲಾದ ಕರ್ನಲ್‌ನೊಳಗೇ ಓಡುತ್ತವೆ. ಫೈಲ್ ಕಾಪಿ ಆಗುತ್ತಿರುವಾಗಲೇ ಪೆನ್‌ಡ್ರೈವ್ ಕಿತ್ತಿರಿ ಎನ್ನಿ. ದೋಷವಿರುವ ಡ್ರೈವರ್, ಆಗಲೇ ಬಿಟ್ಟುಕೊಟ್ಟ ಮೆಮೊರಿಗೆ ಮತ್ತೆ ಕೈಹಾಕುತ್ತದೆ. ಮಾಹಿತಿ ಇನ್ನಷ್ಟು ಹಾಳಾಗದಿರಲೆಂದು ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ.

ಮೊದಲು ಕೀಬೋರ್ಡ್, ಮೌಸ್ ಬಿಟ್ಟು ಉಳಿದೆಲ್ಲ ಯುಎಸ್‌ಬಿ ಸಾಧನ ಕಿತ್ತು ಆನ್ ಮಾಡಿ. ಬಳಿಕ ಒಂದೊಂದನ್ನೇ ಹಾಕಿ ನೋಡಿ. ಲಾಗಿನ್ ಆದಕೂಡಲೇ ನಿಲ್ಲುತ್ತಿದ್ದರೆ, ಲಾಗಿನ್ ಪರದೆಯಲ್ಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ಮತ್ತೆ ರೀಸ್ಟಾರ್ಟ್ ಕೊಟ್ಟು 4 ಒತ್ತಿದರೆ, ತೀರಾ ಅಗತ್ಯದ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್ ಸಿಗುತ್ತದೆ.

ನೀಲಿ ಪರದೆಯ ಫೋಟೊ ತೆಗೆದಿಡಿ. ಅದರಲ್ಲಿ ದೋಷದ ಹೆಸರು ಹೇಳುವ ಸ್ಟಾಪ್ ಕೋಡ್ ‘ಬಗ್‌ಕೋಡ್ ಯುಎಸ್‌ಬಿ ಡ್ರೈವರ್’ ಎಂದಿದ್ದರೆ ಯುಎಸ್‌ಬಿಯದೇ ತಕರಾರು. ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’ ಬಂದರೆ ಯಾವುದೋ ಡ್ರೈವರ್ ಸ್ಲೀಪ್‌ಗೆ ಹೋಗುವಾಗ ಅಥವಾ ಏಳುವಾಗ ಸಿಕ್ಕಿಕೊಂಡಿದೆ.

ನಿಜವಾದ ಸಾಕ್ಷ್ಯ ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗಿನ ಮಿನಿಡಂಪ್ ಫೋಲ್ಡರ್‌ನಲ್ಲಿ. ಯಂತ್ರ ನಿಂತ ಕ್ಷಣದ ದಾಖಲೆ ಅಲ್ಲಿ ಫೈಲ್ ಆಗಿ ಉಳಿಯುತ್ತದೆ. ಫೈಲ್ ಹೆಸರಿನ ಮೊದಲ ಆರು ಅಂಕಿ ತಿಂಗಳು, ದಿನ, ವರ್ಷ: 031525 ಎಂದರೆ 2025ರ ಮಾರ್ಚ್ 15. ಅದನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಉಚಿತವಾಗಿ ಸಿಗುವ, ದೋಷ ಹುಡುಕುವ ತಂತ್ರಾಂಶ ವಿನ್‌ಡಿಬಿಜಿಯಲ್ಲಿ (WinDbg) ತೆರೆದು, ‘ಅನಲೈಸ್’ ಲಿಂಕ್ ಒತ್ತಿ. ‘ಇಮೇಜ್ ನೇಮ್’ ಸಾಲಿನಲ್ಲಿ ಶಂಕಿತ ಡ್ರೈವರ್‌ನ ಹೆಸರಿರುತ್ತದೆ. ಅಲ್ಲಿ ಮೈಕ್ರೋಸಾಫ್ಟ್‌ನದೇ ‘ಯುಎಸ್‌ಬಿಹಬ್3’ ಕಂಡರೆ ಅಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಯಂತ್ರ ನಿಲ್ಲುವ ಮುನ್ನ ಯಾವುದು ಯಾವುದನ್ನು ಕರೆಯಿತೆಂದು ತೋರಿಸುವ ‘ಸ್ಟ್ಯಾಕ್’ ಪಟ್ಟಿಯಲ್ಲಿ ಬೇರೆ ಕಂಪನಿಯ ಫೈಲ್ ಇದೆಯೇ ನೋಡಿ. ಹಳೆಯ ಪ್ರಿಂಟರ್ ಅಥವಾ ವರ್ಚುವಲ್ ಮಷಿನ್ ತಂತ್ರಾಂಶ ಬಿಟ್ಟುಹೋದ ಡ್ರೈವರ್ ನಡುವೆ ಕೂತಿರಬಹುದು. ಹಾಗಿದ್ದರೆ ಆ ತಂತ್ರಾಂಶವನ್ನೇ ತೆಗೆದುಹಾಕಿ.

ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಯಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್ ತೆರೆದು, ಡ್ರೈವರ್ ಟ್ಯಾಬ್‌ನ ‘ರೋಲ್ ಬ್ಯಾಕ್’ ಒತ್ತಿ. ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಕಂಪ್ಯೂಟರ್ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಯುಎಸ್‌ಬಿ ಪೋರ್ಟ್‌ಗಳನ್ನು ನಡೆಸುವ ರೂಟ್ ಹಬ್ ಅನ್ನು ಮಾತ್ರ ಅನ್‌ಇನ್‌ಸ್ಟಾಲ್ ಮಾಡಬೇಡಿ, ಅದಕ್ಕೆ ಜೋಡಿಸಿದ ಕೀಬೋರ್ಡ್, ಮೌಸ್ ಕೂಡ ನಿಂತುಹೋಗುತ್ತವೆ.

ಸ್ಲೀಪ್‌ನಿಂದ ಎದ್ದಾಗಲಷ್ಟೇ ನೀಲಿ ಪರದೆ ಬರುತ್ತಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಸಾಧನ ಆಫ್ ಮಾಡುವ ಟಿಕ್ ತೆಗೆಯಿರಿ. ಲ್ಯಾಪ್‌ಟಾಪ್ ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು.