ಮದ್ದುಗುಂಡಿನ ಗೋದಾಮಿನ ಪುಟ್ಟ ಡೀಸೆಲ್ ರೈಲು ಎಂಜಿನ್: ಬೆಳಿಗ್ಗೆ ಹೊರಡಿಸುವುದು ಹೇಗೆ?

ಸ್ಟಾರ್ಟರ್‌ಗೆ ಕೈ ಹಾಕುವ ಮೊದಲು ಹೊಗೆ ಹೋಗುವ ಹಾದಿಯಲ್ಲಿರುವ ನೀರಿನ ತೊಟ್ಟಿಯನ್ನು ನೋಡಿ. ಮದ್ದುಗುಂಡಿನ ನಡುವೆ ಓಡಲೆಂದೇ ಕಟ್ಟಿದ ಎಂಜಿನ್‌ನಲ್ಲಿ ಬಿಸಿ ಹೊಗೆ ಈ ನೀರಿನೊಳಗೆ ಹಾದು, ಕಿಡಿ ನಂದಿ, ತಣ್ಣಗಾಗಿ ಹೊರಬರುತ್ತದೆ. ನೀರು ಆವಿಯಾಗಿ ತಗ್ಗುತ್ತಲೇ ಇರುತ್ತದೆ. ಹೊಸಬನಾಗಿದ್ದಾಗ ಒಮ್ಮೆ ನೀರು ತುಂಬಲು ಮರೆತೆ. ಮಧ್ಯಾಹ್ನ ತೊಟ್ಟಿಯ ಬಣ್ಣ ಗುಳ್ಳೆಯೆದ್ದದ್ದು ಕಂಡು ಬೆವೆತುಹೋದೆ. ಇಂದಿಗೂ ಕಡ್ಡಿ ಅದ್ದಿಯೇ ನೋಡುತ್ತೇನೆ. ಮಸುಕಾದ ಅಳತೆಗಾಜನ್ನು ನಾನು ನಂಬುವುದಿಲ್ಲ.

ಎಣ್ಣೆ, ಡೀಸೆಲ್, ಬ್ರೇಕ್ ಎಲ್ಲರಿಗೂ ಗೊತ್ತಿರುವುದೇ. ಚಕ್ರ ಜಾರದಂತೆ ಹಳಿಗೆ ಉದುರಿಸುವ ಮರಳಿನ ಪೆಟ್ಟಿಗೆಯನ್ನು ಮಾತ್ರ ತೆರೆದು ಕೈಯಾಡಿಸಿ. ಮರಳು ಬೆರಳ ಸಂದಿಯಿಂದ ಸರಸರನೆ ಜಾರಬೇಕು. ಹಸಿಯಾಗಿದ್ದರೆ ಕೊಳವೆಯಲ್ಲೇ ಗಟ್ಟಿಯಾಗಿ ಕೂರುತ್ತದೆ. 610 ಮಿಲಿಮೀಟರ್ ಅಂತರದ ಹಳಿಗಳ ಮೇಲಿನ ಹಗುರ ಎಂಜಿನ್‌ನ ಚಕ್ರ ಜಾರಲು ಇಬ್ಬನಿಯೇ ಸಾಕು.

ಚಾಲೂ ಆದ ಮೇಲೆ ಐದು ನಿಮಿಷ ಹಾಗೆಯೇ ಬಿಡಿ. ಬಳಿಕ ಬಂಡಿಗಳನ್ನು ಜೋಡಿಸಿ, ಕೊಂಡಿಗಳ ಸಡಿಲು ಒಂದೊಂದಾಗಿ ಬಿಗಿಯುವವರೆಗೆ ಆಮೆಯಂತೆ ಎಳೆಯಿರಿ. ಕೊನೆಯ ಬಂಡಿಯ ‘ಟಣ್’ ಕೇಳಿದ ನಂತರವೇ ವೇಗ. ಹಿಂದೆ ಶೆಲ್ ಪೆಟ್ಟಿಗೆಗಳಿರುವಾಗ ಜಗ್ಗಿ ಎಳೆಯುವವನನ್ನು ನಾನು ಚಾಲಕನೆನ್ನುವುದಿಲ್ಲ. ನಿಲ್ಲಿಸಿದಾಗ ಕೈಬ್ರೇಕ್ ಹಾಕಿ, ಚಕ್ರಕ್ಕೆ ಮರದ ತುಂಡು ಕೊಟ್ಟ ಮೇಲೆಯೇ ಅತ್ತ ಹೋಗಿ.