ಆಟಿಸಂ ಬಗ್ಗೆ ಆನ್‌ಲೈನ್ ತರಬೇತಿ: ದುಡ್ಡು ಕಟ್ಟುವ ಮುಂಚೆ ನೋಡಬೇಕಾದ್ದು

ತಂದೆ ತಾಯಿಗೆ ಬೇಕಾದ ತರಬೇತಿ ಬೇರೆ, ಥೆರಪಿಯನ್ನೇ ವೃತ್ತಿ ಮಾಡಿಕೊಳ್ಳುವವರ ಕೋರ್ಸ್ ಬೇರೆ. ಮಂಡ್ಯದಲ್ಲಿ ಮೂರು ವರ್ಷದ ಮಗುವನ್ನು ನೋಡಿಕೊಳ್ಳುತ್ತಿರುವ ತಾಯಿಗೆ ದುಬಾರಿ ಸರ್ಟಿಫಿಕೇಟ್‌ನಿಂದ ಏನೂ ಆಗಬೇಕಿಲ್ಲ. ನಾಳೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಮಗುವಿನ ಜೊತೆ ಏನು ಮಾಡಬೇಕು ಅನ್ನುವುದು ಗೊತ್ತಾಗಬೇಕು, ಅಷ್ಟೇ.

ಯಾವ ಕೋರ್ಸೂ ತಪಾಸಣೆಯ ಜಾಗ ತುಂಬುವುದಿಲ್ಲ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮೊದಲು ಮಗುವನ್ನು ಕರೆದುಕೊಂಡು ಹೋಗಿ. ಮಾತು ತಡವಾಗಿದ್ದರೆ ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಪದೇ ಪದೇ ಬರಲಾಗದಿದ್ದರೆ ವಿಡಿಯೊ ಕರೆಯಲ್ಲಿ ಮುಂದುವರಿಸಬಹುದೇ ಎಂದು ಅಲ್ಲೇ ಕೇಳಿಕೊಳ್ಳಿ.

ಮನೆಯವರು ಶುರು ಮಾಡಲು ವಿಶ್ವ ಆರೋಗ್ಯ ಸಂಸ್ಥೆಯ ‘ಕೇರ್‌ಗಿವರ್ ಸ್ಕಿಲ್ಸ್ ಟ್ರೇನಿಂಗ್’ ಒಳ್ಳೆಯದು. 2ರಿಂದ 9 ವರ್ಷದ ಮಕ್ಕಳ ಪಾಲಕರಿಗಾಗಿ ಮಾಡಿದ್ದು, ಉಚಿತ. ಇಂಗ್ಲಿಷ್ ಕಷ್ಟವಾದರೆ ಓದಿ ಹೇಳುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೇ ರಾತ್ರಿ ಎಲ್ಲ ಪಾಠ ನೋಡಿ ಮುಗಿಸಬೇಡಿ. ವಾರಕ್ಕೆ ಒಂದು ಪಾಠ, ಅದನ್ನು ದಿನದ ಒಂದೇ ಹೊತ್ತಿನಲ್ಲಿ ಅಭ್ಯಾಸ ಮಾಡಿ: ಸ್ನಾನ, ಬಟ್ಟೆ ಹಾಕುವುದು ಅಥವಾ ತಿಂಡಿ.

ತಿಂಡಿಯ ಹೊತ್ತನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಬಾಳೆಹಣ್ಣನ್ನು ಎಂಟು ಚೂರು ಮಾಡಿ, ಮುಚ್ಚಳ ಬಿಗಿಯಿರುವ ಪಾರದರ್ಶಕ ಡಬ್ಬಿಗೆ ಹಾಕಿ. ಮಗುವಿನ ಎದುರು, ಅದರ ಕಣ್ಣಿನ ಮಟ್ಟಕ್ಕೆ ಕೂತು ಒಂದು ಚೂರು ಕೊಟ್ಟು, ಡಬ್ಬಿ ಮುಚ್ಚಿ ಮಗುವಿನ ಮುಂದಿಡಿ. ಆಮೇಲೆ ಸುಮ್ಮನಿರಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮಗು ನಿಮ್ಮ ಮುಖ ನೋಡಿದರೂ ಸರಿ, ಡಬ್ಬಿ ನಿಮ್ಮ ಕೈಗೆ ಕೊಟ್ಟರೂ ಸರಿ, ‘ಅ’ ಅಂದರೂ ಸರಿ. ಅದು ಕೇಳಿದ ಹಾಗೇ ಲೆಕ್ಕ. ತಕ್ಷಣ ‘ಹಣ್ಣು’ ಎಂದು ಒಂದೇ ಮಾತು ಹೇಳಿ ಕೊಟ್ಟುಬಿಡಿ. ಅಳು ಬರುವ ಹಂತಕ್ಕೆ ಹೋದರೆ ನೀವು ಹೆಚ್ಚು ಹೊತ್ತು ಕಾದಿದ್ದೀರಿ ಎಂದರ್ಥ. ಮಾರನೇ ದಿನ ಐದರವರೆಗೆ ಎಣಿಸಿ.

ಕೆಡುವುದು ಹೆಚ್ಚಾಗಿ ಎರಡು ಕಡೆ. ‘ಹೇಳು, ಹೇಳು ಚಿನ್ನ’ ಎಂದು ಬಿಡದೆ ಹೇಳುತ್ತಿದ್ದರೆ ಮಗು ಮಾತಾಡಲು ಖಾಲಿ ಜಾಗವೇ ಉಳಿಯುವುದಿಲ್ಲ. ಇನ್ನೊಂದು, ಅಜ್ಜಿ ಮರುಕದಿಂದ ಇಡೀ ಡಬ್ಬಿ ತೆಗೆದುಕೊಟ್ಟರೆ ಕೇಳುವ ಕಾರಣವೇ ಹೋಗುತ್ತದೆ. ಆದ್ದರಿಂದ ಅಜ್ಜಿಯನ್ನೂ ಪಾಠಕ್ಕೆ ಕೂರಿಸಿ. ಮನೆಯ ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮನೆಮಾತಿನಿಂದ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುವುದಿಲ್ಲ.

ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ‘ಅಫರ್ಮ್’ ಪಾಠಗಳಿವೆ. ಇವೂ ಉಚಿತ, ಒಂದೊಂದು ಪಾಠಕ್ಕೆ ಒಂದೊಂದು ವಿಧಾನ. ಚಿತ್ರಗಳಿಂದ ದಿನಚರಿ ತೋರಿಸುವ ‘ವಿಷುಯಲ್ ಸಪೋರ್ಟ್ಸ್’ ಪಾಠದಿಂದ ಶುರು ಮಾಡಿ. ಅದಕ್ಕೆ ಬೇಕಾದ ರಟ್ಟು, ಅಂಟು, ಫೋಟೊ ಎಲ್ಲ ಪಕ್ಕದ ಅಂಗಡಿಯಲ್ಲೇ ಸಿಗುತ್ತವೆ.

ವೃತ್ತಿಗೆ ಬರುವವರು ಇಲ್ಲಿ ಎಚ್ಚರವಾಗಿರಬೇಕು. ವಿಶೇಷ ಶಿಕ್ಷಕರಾಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಬೇಕು. ಇದು 1992ರ ಕಾಯ್ದೆಯ ಮಾತು. ಎರಡು ತಿಂಗಳ ಆನ್‌ಲೈನ್ ಡಿಪ್ಲೊಮಾಕ್ಕೆ ಆ ನೋಂದಣಿ ಸಿಗುವುದಿಲ್ಲ. ಕೋರ್ಸ್ ಮಾನ್ಯವೇ ಎಂದು ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ ನೀವೇ ಹುಡುಕಿ, ಜಾಹೀರಾತಿನ ಮಾತು ನಂಬಬೇಡಿ. ‘40 ಗಂಟೆಯ ಆರ್‌ಬಿಟಿ’ (ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್) ಎಂದು ಮಾರುವವರೂ ಇದ್ದಾರೆ. ಆ ಸರ್ಟಿಫಿಕೇಟ್ ಕೊಡುವ ಅಮೆರಿಕದ ಮಂಡಳಿ 2023ರಿಂದ ಭಾರತದಲ್ಲಿ ಇರುವವರ ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ. 40 ಗಂಟೆ ಪಾಠ ಕೇಳಬಹುದು, ಆ ಹೆಸರು ಮಾತ್ರ ಸಿಗದು.

ದುಡ್ಡು ಕೇಳುವ ಯಾವ ಕೋರ್ಸಿಗೂ ಮೊದಲು ಒಂದು ಪ್ರಶ್ನೆ ಹಾಕಿ: ‘ನಾನು ಮಗುವಿನ ಜೊತೆ ಮಾಡಿದ್ದನ್ನು ಯಾರು ನೋಡಿ ತಿದ್ದುತ್ತಾರೆ?’ ಉತ್ತರ ಇದ್ದರೆ ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ ಮೂರು ನಿಮಿಷದ ವಿಡಿಯೊ ತೆಗೆದು ಅವರಿಗೆ ಕಳಿಸಿ. ಮಗುವಿನ ಮುಖದ ಜೊತೆ ನಿಮ್ಮ ಕೈಗಳೂ ಕಾಣಬೇಕು. ತಿದ್ದಬೇಕಾದ್ದು ಹೆಚ್ಚಾಗಿ ಅಲ್ಲೇ ಇರುತ್ತದೆ. ಆಟಿಸಂ ಪೂರ್ತಿ ವಾಸಿ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಕರೆ ಮುಗಿಸಿ.