ಮಳೆಗಾಲದ ಪ್ರವಾಸಕ್ಕೆ ಡ್ರೈ ಬ್ಯಾಗ್: ಕೊಳ್ಳುವಾಗ, ಕಟ್ಟುವಾಗ ಗಮನಿಸಬೇಕಾದದ್ದು

ಮುಳ್ಳೋಡಿಯಿಂದ ಕುದುರೆಮುಖದ ಶಿಖರಕ್ಕೆ ಹೋಗುವ ದಾರಿಯಲ್ಲಿ ಮಳೆಗಾಲದಲ್ಲಿ ಹಲವು ಹಳ್ಳಗಳನ್ನು ದಾಟಬೇಕಾಗುತ್ತದೆ. ಬೆನ್ನುಚೀಲಕ್ಕೆ ರೇನ್ ಕವರ್ ತೊಡಿಸಿದ್ದರೂ ಒಳಗಿದ್ದ ಬಟ್ಟೆ ತೊಯ್ದುಹೋದದ್ದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ರೇನ್ ಕವರ್ ಚೀಲದ ಹೊರಮೈಯನ್ನು ಮಾತ್ರ ಮುಚ್ಚುತ್ತದೆ. ಕುತ್ತಿಗೆಯಿಂದ ಬೆನ್ನಿಗೆ ಇಳಿಯುವ ನೀರು ಭುಜದ ಪಟ್ಟಿಗಳನ್ನೂ ಬೆನ್ನಿಗೆ ತಾಗುವ ಮೆತ್ತೆಯನ್ನೂ ನೆನೆಸಿ, ಹೊಲಿಗೆಗಳ ಮೂಲಕ ನಿಧಾನವಾಗಿ ಒಳಗೆ ಇಳಿಯುತ್ತದೆ. ಆದ್ದರಿಂದ ಒದ್ದೆಯಾಗಬಾರದ ವಸ್ತುಗಳಿಗೆ ಬೆನ್ನುಚೀಲದ ಒಳಗೇ ರಕ್ಷಣೆ ಒದಗಿಸಬೇಕು. ಡ್ರೈ ಬ್ಯಾಗ್, ಅಂದರೆ ನೀರನ್ನು ಒಳಬಿಡದ ಚೀಲ, ಬೇಕಾಗುವುದು ಇದಕ್ಕಾಗಿ.

ಕೊಳ್ಳುವಾಗ ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಈ ಚೀಲಕ್ಕೆ ಜಿಪ್ ಇರುವುದಿಲ್ಲ, ಬಾಯಿಯನ್ನು ಸುರುಳಿ ಸುತ್ತಿಯೇ ಮುಚ್ಚಬೇಕು. ಹಾಗಾಗಿ ಮೇಲಿನ ಭಾಗವನ್ನು ಸುರುಳಿಗೆಂದು ಖಾಲಿ ಬಿಡಬೇಕಾಗುತ್ತದೆ. 20 ಲೀಟರ್ ಚೀಲವನ್ನು ಸುಮಾರು ಮುಕ್ಕಾಲು ಭಾಗದಷ್ಟೇ ತುಂಬುವುದು ಸರಿಯೆಂದು ನನ್ನ ಅನುಭವ ಹೇಳುತ್ತದೆ. ಒಂದೇ ದೊಡ್ಡ ಚೀಲಕ್ಕಿಂತ ಬೇರೆ ಬೇರೆ ಬಣ್ಣದ ಎರಡು ಮೂರು ಸಣ್ಣ ಚೀಲಗಳು ಮೇಲು, ಏಕೆಂದರೆ ಮಳೆಯಲ್ಲಿ ನಿಂತು ಔಷಧಿಗಾಗಿ ತಡಕಾಡುವಾಗ ಮಲಗುವ ಬಟ್ಟೆಯ ಚೀಲವನ್ನು ತೆರೆಯಬೇಕಾಗುವುದಿಲ್ಲ.

ಬಟ್ಟೆಯ ಆಯ್ಕೆ ಬಳಕೆಯನ್ನು ಅವಲಂಬಿಸಿದೆ. ಪಿವಿಸಿ ಎಂಬ ಪ್ಲಾಸ್ಟಿಕ್ ಲೇಪನದ ದಪ್ಪ ಚೀಲ ಭಾರವಾದರೂ ಬಂಡೆಗೆ, ದೋಣಿಯ ಅಂಚಿಗೆ ಉಜ್ಜಿದರೆ ಬೇಗ ಹರಿಯುವುದಿಲ್ಲ. ತೆಳುವಾದ ನೈಲಾನ್ ಚೀಲ ಹಗುರ, ಬೆನ್ನುಚೀಲದ ಒಳಗಿಡಲು ಅದೇ ಸಾಕು. ಟಿಪಿಯು ಎಂಬ, ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್ ಲೇಪನದ್ದು ಗಟ್ಟಿಯೂ ಹೌದು, ಮೃದುವೂ ಹೌದು, ಆದರೆ ಬೆಲೆ ಸಾಮಾನ್ಯವಾಗಿ ಹೆಚ್ಚು. ಬಟ್ಟೆ ಯಾವುದೇ ಇರಲಿ, ಚೀಲವನ್ನು ಒಳಮಗ್ಗುಲು ತಿರುಗಿಸಿ ಕೂಡುಗಳನ್ನು ನೋಡಬೇಕು. ಶಾಖದಿಂದ ಬೆಸೆದ ಕೂಡು ಉತ್ತಮ. ಸೂಜಿಯಿಂದ ಹೊಲಿದಿದ್ದರೆ ಹೊಲಿಗೆಯ ಉದ್ದಕ್ಕೂ ಟೇಪ್ ಅಂಟಿಸಿರಬೇಕು, ಇಲ್ಲವಾದರೆ ಪ್ರತಿ ಸೂಜಿರಂಧ್ರವೂ ನೀರಿಗೆ ದಾರಿಯಾಗುತ್ತದೆ.

ಒಳ್ಳೆಯ ಚೀಲವೂ ಸರಿಯಾಗಿ ಕಟ್ಟದಿದ್ದರೆ ಸೋರುತ್ತದೆ. ಮೊದಲು ಬಾಯಿಯಂಚಿಗೆ ಅಂಟಿದ ಮರಳು, ಹುಲ್ಲು, ದಾರದ ಎಳೆಗಳನ್ನು ಒರೆಸಿ ತೆಗೆಯಬೇಕು. ಎರಡೂ ಅಂಚುಗಳನ್ನು ಒಂದಕ್ಕೊಂದು ಸಮನಾಗಿ ಕೂಡಿಸಿ, ತುದಿಗಳನ್ನು ಹಿಡಿದು ಎಳೆದು ಚಪ್ಪಟೆ ಮಾಡಬೇಕು. ನಡುವೆ ನೆರಿಗೆ ಉಳಿದರೆ ಆ ನೆರಿಗೆಯೇ ನೀರಿನ ಕಾಲುವೆಯಾಗುತ್ತದೆ. ಆಮೇಲೆ ಚೀಲವನ್ನು ಮೊಣಕಾಲಿನಿಂದ ಅದುಮಿ ಗಾಳಿ ಹೊರಹಾಕಿ, ಒಂದೇ ದಿಕ್ಕಿನಲ್ಲಿ ಬಿಗಿಯಾಗಿ ಕನಿಷ್ಠ ಮೂರು ಸುತ್ತು ಸುತ್ತಿ, ಸುರುಳಿಯ ತುದಿಗಳನ್ನು ಬಾಗಿಸಿ ಬಕಲ್ ಹಾಕಬೇಕು. ತುಂಬಿದ್ದು ಹೆಚ್ಚಾಗಿ ಒಂದೇ ಸುತ್ತಿಗೆ ಜಾಗ ಉಳಿದರೆ, ಸಾಮಾನು ತೆಗೆಯಬೇಕೇ ಹೊರತು ಒಂದು ಸುತ್ತಿಗೆ ತೃಪ್ತಿಪಡಬಾರದು.

ಹೊರಡುವ ಮುನ್ನ ಮನೆಯಲ್ಲೇ ಪರೀಕ್ಷಿಸುವುದು ಸುಲಭ. ಖಾಲಿ ಚೀಲದಲ್ಲಿ ಗಾಳಿ ಹಿಡಿದು ಬಾಯಿ ಸುತ್ತಿ, ನೀರು ತುಂಬಿದ ಬಕೆಟ್ಟಿನಲ್ಲಿ ಅದುಮಿ ಹಿಡಿದರೆ, ತೂತಿರುವ ಕಡೆ ಗುಳ್ಳೆಗಳು ಸಾಲಾಗಿ ಏಳುತ್ತವೆ. ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಒಣಗಿದ ಮೇಲೆ ಆಯಾ ಬಟ್ಟೆಗೆ ಹೊಂದುವ ಅಂಟಿನಿಂದ ತೇಪೆ ಹಾಕಬಹುದು.

ಸುರುಳಿಬಾಯಿಯ ಚೀಲಗಳಲ್ಲಿ ಹೆಚ್ಚಿನವು ಮಳೆ, ಎರಚಲು, ಒಮ್ಮೆ ನೀರಿಗೆ ಬಿದ್ದು ಮೇಲೇಳುವಷ್ಟಕ್ಕೆ ತಕ್ಕವೇ ಹೊರತು ಬಹಳ ಹೊತ್ತು ಮುಳುಗಿರಲು ಅಲ್ಲ. ನೀರನ್ನು ಎಷ್ಟು ತಡೆಯುತ್ತದೆಂದು ತಿಳಿಸುವ ಐಪಿಎಕ್ಸ್7 ಎಂಬ ಗುರುತು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷದ ಪರೀಕ್ಷೆಯನ್ನು ಸೂಚಿಸುತ್ತದೆ, ಮತ್ತು ಆ ಪರೀಕ್ಷೆ ನಡೆಯುವುದು ನಿಂತ ನೀರಿನಲ್ಲಿ. ಮಳೆಗಾಲದಲ್ಲಿ ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗ್ ಮಾಡುವವರು ಎದುರಿಸುವ ನೀರು ಬೇರೆ. ಅಂಥ ಕಡೆ ಫೋನನ್ನು ಪ್ರತ್ಯೇಕ ಜಲನಿರೋಧಕ ಪೌಚಿನಲ್ಲಿ ಹಾಕಿ, ಅದನ್ನು ಡ್ರೈ ಬ್ಯಾಗಿನೊಳಗೆ ಇಟ್ಟು, ಚೀಲವನ್ನು ರಾಫ್ಟಿಗೆ ಕಟ್ಟಬೇಕು. ಇಲ್ಲಿ ಮಾತ್ರ ಗಾಳಿಯನ್ನು ಪೂರ್ತಿ ಹೊರಹಾಕದೆ ಸ್ವಲ್ಪ ಉಳಿಸಿಕೊಳ್ಳುವುದು ಒಳ್ಳೆಯದು, ಕೈತಪ್ಪಿದರೂ ಚೀಲ ತೇಲುತ್ತದೆ.

ನೀರನ್ನು ಒಳಬಿಡದ ಚೀಲ ಒಳಗಿನ ತೇವವನ್ನೂ ಹೊರಬಿಡುವುದಿಲ್ಲ. ಒದ್ದೆ ಕಾಲುಚೀಲ, ಟವೆಲ್ ಕ್ಯಾಮೆರಾದೊಂದಿಗೆ ಸೇರಿದರೆ ರಾತ್ರಿಯ ಚಳಿಯಲ್ಲಿ ಲೆನ್ಸಿನ ಮೇಲೆ ಹನಿ ಕಟ್ಟುತ್ತದೆ. ಒದ್ದೆಗೆ ಬೇರೆಯೇ ಚೀಲವಿರಲಿ. ಉಂಬಳ, ಸೊಳ್ಳೆ ದೂರವಿಡಲು ಮೈಗೆ ಹಚ್ಚುವ, ಡೀಟ್ ಎಂಬ ರಾಸಾಯನಿಕ ಇರುವ ದ್ರಾವಣಗಳು ಕೆಲವು ಪ್ಲಾಸ್ಟಿಕ್ಕುಗಳನ್ನು ಕೆಡಿಸುತ್ತವೆ, ಆದ್ದರಿಂದ ಹಚ್ಚಿಕೊಂಡ ಕೈಯನ್ನು ತೊಳೆದೇ ಚೀಲ ಮುಟ್ಟಬೇಕು. ಮನೆಗೆ ಬಂದ ಮೇಲೆ, ಅದರಲ್ಲೂ ಗೋಕರ್ಣದಂಥ ಕಡಲತೀರದಿಂದ ಬಂದರೆ, ಸಿಹಿನೀರಿನಲ್ಲಿ ತೊಳೆದು, ಒಳಮಗ್ಗುಲು ತಿರುಗಿಸಿ ನೆರಳಿನಲ್ಲಿ ಒಣಗಿಸಿ, ಬಾಯಿ ತೆರೆದಿಟ್ಟು ಸಡಿಲವಾಗಿ ಎತ್ತಿಡಬೇಕು. ಒಂದೇ ಮಡಿಕೆಯಲ್ಲಿ ವರ್ಷವಿಡೀ ಇಟ್ಟರೆ ಮಡಿಕೆಯ ಗೆರೆಯಲ್ಲೇ ಲೇಪನ ಬಿರುಕು ಬಿಡುತ್ತದೆ.